ದ್ರುತ್‌ನಲ್ಲಿ ಸೀಳುತ್ತಿದ್ದ ಪ್ಲೇಟು: ಸೂಜಿ ಒಂದನ್ನೇ ಬದಲಿಸಿ ಉಳಿದದ್ದನ್ನು ಹೊಂದಿಸಿದ ನನ್ನ ಅನುಭವ

ಹಿಂದುಸ್ತಾನಿ ಖ್ಯಾಲ್ ಗಾಯನದ ಎಲ್‌ಪಿ (ಗ್ರಾಮಫೋನ್ ಪ್ಲೇಟು) ಕೇಳುವವರಿಗೆಲ್ಲ ಈ ತೊಂದರೆ ಗೊತ್ತು. ನಿಧಾನಗತಿಯ ವಿಲಂಬಿತ್ ಪ್ಲೇಟಿನ ಅಂಚಿನಲ್ಲಿ ನಿರಾಳವಾಗಿ ಶುರುವಾಗುತ್ತದೆ. ವೇಗದ ಭಾಗವಾದ ದ್ರುತ್ ಬರುವ ಹೊತ್ತಿಗೆ ಸೂಜಿ ಲೇಬಲ್ಲಿನ ಹತ್ತಿರ ಬಂದಿರುತ್ತದೆ. ವೇಗದ ತಾನು, ಅದರ ಬೆನ್ನು ಹತ್ತಿದ ಹಾರ್ಮೋನಿಯಂ, ತಬಲಾದ ಚಾಟಿಯ ಪೆಟ್ಟು, ಮೂರೂ ಒಟ್ಟಿಗೆ ಬರುವುದು ಪ್ಲೇಟಿನ ಅತಿ ಬಡ ಜಾಗದಲ್ಲಿ. ಅಂಚಿನ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡಿದರೆ, ಒಳಗಿನ ಗೆರೆ ಬರೀ 21 ಸೆಂ.ಮೀ. ಅಷ್ಟೇ ಸಂಗೀತ, ಅರ್ಧಕ್ಕಿಂತ ಕಡಿಮೆ ಜಾಗ. ಅಲ್ಲಿ ನನ್ನ ಸಿಸ್ಟಂ ಬಟ್ಟೆ ಹರಿದಂತೆ ಸೀಳುತ್ತಿತ್ತು.

ಬೆಳಗಾವಿಯ ನಮ್ಮ ಬಳಗದಲ್ಲಿ ಎಲ್ಲರದೂ ಒಂದೇ ಮಾತು: "ಸೂಜಿಗಿ ಅಷ್ಟ್ ರೊಕ್ಕಾ ಹಾಕಬ್ಯಾಡ್ರೀ, ಮೊದಲ ಆಂಪ್ಲಿಫೈಯರ್ ಬದಲ್ ಮಾಡ್ರೀ." ಅವರು ತೋರಿಸಿದ ಆಂಪ್ಲಿಫೈಯರ್ 60 ಸಾವಿರದ ಮೇಲಿತ್ತು. ನಾನು ಬದಲಿಸಿದ್ದು ಸೂಜಿ ಮಾತ್ರ. ಆಂಪ್ಲಿಫೈಯರ್ ಅದೇ ಎಂಬತ್ತರ ದಶಕದ ಜಪಾನಿ ಇಂಟಿಗ್ರೇಟೆಡ್, ಸ್ಪೀಕರ್ ಅದೇ ಆರೂವರೆ ಇಂಚಿನ ಬುಕ್‌ಶೆಲ್ಫ್. ಇವತ್ತು ಕೊನೆಯ ತಾನಿನ ತನಕ ಹಾರ್ಮೋನಿಯಂ ಬೇರೆ, ಕಂಠ ಬೇರೆ ಎಂದು ಎಣಿಸಿ ಹೇಳಬಹುದು. ಆದರೆ ಸೂಜಿ ಹಾಕಿದ ಮೊದಲ ಮೂರು ವಾರ ಸಿಸ್ಟಂ ಮೊದಲಿಗಿಂತ ಕೆಟ್ಟದಾಗಿ ನುಡಿಯಿತು. ಬರೆಯಬೇಕಾದ್ದು ಆ ಮೂರು ವಾರದ ಬಗ್ಗೆಯೇ.

ಕಾರ್ಟ್ರಿಡ್ಜ್ (ಸೂಜಿ ಹಿಡಿದು ಅದರ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಆಡಿಯೋ-ಟೆಕ್ನಿಕಾದ ವಿಎಂ95. ಇದರಲ್ಲಿ ದೇಹ ಒಂದೇ, ಸೂಜಿಗಳು ಅದಲುಬದಲಾಗುತ್ತವೆ. ಹಸಿರು ಬಣ್ಣದ ಎಲಿಪ್ಟಿಕಲ್ (ಅಂಡಾಕಾರದ ತುದಿಯ ಸೂಜಿ) ತೆಗೆದು ಕೆಂಪು ಮೈಕ್ರೋಲೀನಿಯರ್ (ಇನ್ನೂ ಚೂಪು ಅಂಚಿನದು) ಹಾಕಿದೆ. ಗೆರೆಯ ಗೋಡೆಗೆ ತಾಗುವ ಬದಿ ಎಲಿಪ್ಟಿಕಲ್‌ನಲ್ಲಿ 0.3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು), ಮೈಕ್ರೋಲೀನಿಯರ್‌ನಲ್ಲಿ 0.12 ಮಿಲ್. ಒಳಗೆರೆಯಲ್ಲಿ ಒತ್ತೊತ್ತಾಗಿರುವ ಅಲೆಗಳ ನಡುವೆ ಇಳಿಯಲು ಅಷ್ಟು ಚೂಪು ಬೇಕೇ ಬೇಕು. ಸೂಜಿ ಮಾತ್ರ ತೊಗೊಂಡದ್ದಕ್ಕೆ ಪೂರ್ತಿ ಕಾರ್ಟ್ರಿಡ್ಜಿಗಿಂತ ಎರಡು ಸಾವಿರ ಉಳಿಯಿತು. ನನಗೆ ಬಿದ್ದದ್ದು 15 ಸಾವಿರದ ಆಸುಪಾಸು. ದುಬಾರಿ ಅನ್ನುವವರು ಈ ಲೆಕ್ಕ ನೋಡಬೇಕು: ಕಂಪನಿಯೇ ಹೇಳುವಂತೆ ಎಲಿಪ್ಟಿಕಲ್ ಬಾಳಿಕೆ 300 ಗಂಟೆ, ಮೈಕ್ರೋಲೀನಿಯರ್ 1000 ಗಂಟೆ. ಹಸಿರು ಸೂಜಿಗೆ ನಾಲ್ಕೂವರೆ ಸಾವಿರ ಹಿಡಿದರೂ ಗಂಟೆಗೆ 15 ರೂಪಾಯಿ, ಇದಕ್ಕೂ ಗಂಟೆಗೆ 15 ರೂಪಾಯಿ.

ಹಾಕಿದ ದಿನವೇ ಸೀಳುವುದು ನಿಂತಿತು, ಆದರೆ 'ಸ', 'ಶ', 'ಛ' ಬಂದಲ್ಲೆಲ್ಲ ಕಿವಿಗೆ ಮುಳ್ಳು ಚುಚ್ಚಿದಂತೆ. ತಾನ್ಪುರದ ಜವಾರಿ (ತಂತಿಯ ಝೇಂಕಾರ) ತಗಡಿನ ಸದ್ದಾಯಿತು. ಆಂಪ್ಲಿಫೈಯರಿನ ಟ್ರೆಬಲ್ (ಮೇಲಿನ ಸ್ವರಗಳ) ಗುಂಡಿ ತಿರುವಿ ಇಳಿಸಿದೆ. ಚುಚ್ಚುವುದು ಹೋಗಲಿಲ್ಲ, ಕಂಠ ಮಾತ್ರ ಮಂಕಾಯಿತು. ಆಗ ಮಂದಿ ಮಾತು ಕೇಳಿ ಪ್ರತ್ಯೇಕ ಫೋನೋ ಸ್ಟೇಜ್ (ಸೂಜಿಯಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ತಂದೆ, ಆರೂವರೆ ಸಾವಿರ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಿಚ್ಚಿ ನೋಡಿದರೆ ಅದರ ಇನ್‌ಪುಟ್‌ನಲ್ಲೂ, ನನ್ನ ಆಂಪ್ಲಿಫೈಯರ್‌ನಲ್ಲೂ ಅದೇ 220 ಪಿಎಫ್ (ಪಿಕೋಫ್ಯಾರಡ್, ಕೆಪಾಸಿಟೆನ್ಸ್ ಅಂದರೆ ವಿದ್ಯುತ್ ಹಿಡಿದಿಡುವ ಗುಣದ ಅಳತೆ) ಕೆಪಾಸಿಟರ್ ಕೂತಿತ್ತು. ನಾಲ್ಕು ಸಾವಿರಕ್ಕೆ ಮಾರಿದೆ.

ಈ ಕಾರ್ಟ್ರಿಡ್ಜ್ ಬಯಸುವುದು ವೈರು, ಕೇಬಲ್, ಆಂಪ್ಲಿಫೈಯರ್ ಎಲ್ಲ ಸೇರಿ ಒಟ್ಟು 100ರಿಂದ 200 ಪಿಎಫ್. ನನ್ನಲ್ಲಿ ಎಷ್ಟಿದೆ ಎಂದು ಅಳೆದೆ. ಹೆಡ್‌ಶೆಲ್ (ಕಾರ್ಟ್ರಿಡ್ಜ್ ಕೂರುವ ತುದಿ) ಬಿಚ್ಚಿಟ್ಟು, ಕೇಬಲ್ಲನ್ನು ಆಂಪ್ಲಿಫೈಯರಿಂದ ಕಿತ್ತು, ಪ್ಲಗ್ಗಿನ ನಡುಕಡ್ಡಿ ಮತ್ತು ಹೊರಬಳೆಯ ನಡುವೆ ಎಲ್‌ಸಿಆರ್ ಮೀಟರ್ (ಕೆಪಾಸಿಟೆನ್ಸ್ ಅಳೆಯುವ ಉಪಕರಣ) ಹಿಡಿಯುವುದು. ಸಾದಾ ಮಲ್ಟಿಮೀಟರ್ ಇಷ್ಟು ಸಣ್ಣ ಅಳತೆಯಲ್ಲಿ ನಂಬಿಗಸ್ತವಲ್ಲ. ಅದೇ ಇದ್ದರೆ ಮೊದಲು ಮೀಟರಿನ ವೈರುಗಳದ್ದೇ ಅಳತೆ ತೊಗೊಂಡು ಕಳೆಯಬೇಕು. ಟೋನ್‌ಆರ್ಮ್ (ಸೂಜಿ ಹೊತ್ತ ತೋಳು) ಮತ್ತು ಟರ್ನ್‌ಟೇಬಲಿನ ಒಳವೈರು 70, ಒಂದೂವರೆ ಮೀಟರ್ ಕೇಬಲ್ 200, ಆಂಪ್ಲಿಫೈಯರ್ 220. ಒಟ್ಟು 490. ಕಾರ್ಟ್ರಿಡ್ಜಿನ ಸುರುಳಿ 550 ಮಿಲಿಹೆನ್ರಿ. ಎರಡೂ ಸೇರಿ ಅನುರಣಿಸುವುದು 9.7 ಕಿಲೋಹರ್ಟ್ಸ್ ಹತ್ತಿರ, ಸರಿಯಾಗಿ 'ಸ'ಕಾರ ಚೂಪಾಗಿರುವ ಜಾಗ. ಅಲ್ಲೊಂದು ಗುಡ್ಡ, ಅದರಾಚೆ ಇಳಿಜಾರು. ಈ ಗುಡ್ಡ ಹಳೇ ಸೂಜಿಯ ಕಾಲದಲ್ಲೂ ಇತ್ತು. ಸವೆದ ಎಲಿಪ್ಟಿಕಲ್ ಮೇಲಿನ ಸ್ವರಗಳನ್ನೇ ತಿಂದುಹಾಕುತ್ತಿದ್ದುದರಿಂದ ಕೇಳಿಸಿರಲಿಲ್ಲ. ಹೊಸ ಸೂಜಿ ಗೆರೆಯಲ್ಲಿರುವುದನ್ನೆಲ್ಲ ಎತ್ತಿ ತಂದಿತು, ಗುಡ್ಡ ಬಯಲಾಯಿತು.

ಮೊದಲು ಕೇಬಲ್. ಟಿವಿಯ ಆರ್‌ಜಿ-6 ವೈರಿನ ಕೆಪಾಸಿಟೆನ್ಸ್ ಮೀಟರಿಗೆ 53ರಷ್ಟೇ ಎಂದು ಅದನ್ನೇ ತಂದೆ. ಕೆಲಸ ಕೆಟ್ಟಿತು. ಅದರ ಹೊರಜಾಲರಿ ಅಲ್ಯೂಮಿನಿಯಂ, ಸಾದಾ ಬೆಸುಗೆ ಹಿಡಿಯುವುದೇ ಇಲ್ಲ. ತಿರುಚಿ ಒತ್ತಿ ಕೂಡಿಸಿದ್ದಕ್ಕೆ ಎರಡು ದಿನದಲ್ಲಿ ಗುಂಯ್ ಎನ್ನತೊಡಗಿತು. ಸಿಸಿಟಿವಿಗೆ ಹಾಕುವ ತಾಮ್ರದ ಜಾಲರಿಯ ಆರ್‌ಜಿ-59 ತಂದೆ: ಮೀಟರಿಗೆ ಸುಮಾರು 67 ಪಿಎಫ್, ಬೆಸುಗೆ ಚೆನ್ನಾಗಿ ಕೂರುತ್ತದೆ. 70 ಸೆಂ.ಮೀ. ಕತ್ತರಿಸಿದರೆ 47 ಪಿಎಫ್. ಕೊಳ್ಳುವಾಗ ಚಾಕುವಿನಿಂದ ಜಾಲರಿ ಕೆರೆದು ನೋಡಿ. ಕೆಂಪು ಒಳಗಿನ ತನಕ ಇರಬೇಕು, ಮೇಲೆ ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಮ್ಮೂ ಬರುತ್ತದೆ.

ಆಮೇಲೆ ಆಂಪ್ಲಿಫೈಯರಿನ 220. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು, ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ಒಂದು ವೋಲ್ಟಿಗಿಂತ ಕಡಿಮೆ ಇದೆ ಎಂದು ಮೀಟರಿನಲ್ಲಿ ನೋಡಿಯೇ ಕೈಹಾಕಿದೆ. ಫೋನೋ ಸಾಕೆಟ್ಟಿನಿಂದ ಗೆರೆ ಹಿಡಿದು ಹೋದರೆ ಮೊದಲು ಸಿಗುವ, ಗ್ರೌಂಡಿಗೆ ಇಳಿಯುವ ಸಣ್ಣ ಕೆಪಾಸಿಟರ್ ಅದು, ಎರಡೂ ಚಾನೆಲ್ಲಿಗೆ ಒಂದೊಂದು. ಆಸೆಗೆ ಬಿದ್ದು ಎರಡನ್ನೂ ಪೂರಾ ತೆಗೆದುಬಿಟ್ಟೆ. ಮೊಬೈಲ್ ಹತ್ತಿರ ಬಂದರೆ ಸ್ಪೀಕರಿನಲ್ಲಿ ಕಟಕಟ. ಆ ಕೆಪಾಸಿಟರ್ ರೇಡಿಯೋ ಅಲೆಗಳನ್ನೂ ತಡೆಯುತ್ತಿತ್ತು. ಆ ಜಾಗಕ್ಕೆ 47 ಪಿಎಫ್ ಹಾಕಿದೆ. ಸಿರಾಮಿಕ್ ಆದರೆ ಎನ್‌ಪಿ0 ಮಾದರಿಯದೇ (ಬಿಸಿಗೆ ಅಳತೆ ಬದಲಾಗದ ಬಗೆ) ಆಗಬೇಕು, ಎರಡೂ ಮೀಟರಿನಲ್ಲಿ ಒಂದೇ ಅಳತೆ ತೋರಿಸಬೇಕು. ಹತ್ತು ತಂದು ಅಳೆದು ಜೋಡಿ ಆರಿಸಿದೆ. ಈಗ 70, 47, 47: ಒಟ್ಟು 164. ಗುಡ್ಡ 16.5 ಕಿಲೋಹರ್ಟ್ಸ್ ಆಚೆ ಹೋಯಿತು. ಟ್ರೆಬಲ್ ಗುಂಡಿ ನಡುವಿಗೆ ಬಂತು, ಮತ್ತೆ ಮುಟ್ಟಿಲ್ಲ. ಹದಿನೈದು ಸಾವಿರದ ಸೂಜಿಯ ಪೂರ್ತಿ ಬೆಲೆ ಕೇಳಿಸಿದ್ದು ಐದೈದು ರೂಪಾಯಿಯ ಎರಡು ಕೆಪಾಸಿಟರ್‌ಗಳಿಂದ. ಬಳಗದ ಯಾರೂ ಇದನ್ನು ನಂಬಿರಲಿಲ್ಲ.

ಹೋಲಿಸುವಾಗ ಒಂದು ಎಚ್ಚರ. ಹಸಿರು ಸೂಜಿ 4 ಮಿಲಿವೋಲ್ಟ್ ಕೊಟ್ಟರೆ ಕೆಂಪು 3.5, ಅಂದರೆ ಕೆಂಪಿನ ಸದ್ದು ಒಂದು ಡೆಸಿಬೆಲ್ಲಿಗೂ ತುಸು ಮೀರಿ ಇಳಿದಿರುತ್ತದೆ. ವಾಲ್ಯೂಮ್ ಅಲ್ಲೇ ಬಿಟ್ಟು ಅದಲುಬದಲು ಮಾಡಿ ಕೇಳಿಸಿದಾಗ ಎಲ್ಲರೂ "ಹಳೇದ ಛಲೋ ಐತಿ" ಅಂದರು. ಜೋರಾಗಿದ್ದದ್ದು ಕಿವಿಗೆ ಯಾವಾಗಲೂ ಚೆಂದ. ಪ್ಲೇಟಿನ ಆರಂಭದ ಬರೀ ತಾನ್ಪುರ ಇರುವ ಜಾಗದಲ್ಲಿ ಮೊಬೈಲಿನ ಸದ್ದಿನ ಮೀಟರ್ ಹಿಡಿದು ಎರಡನ್ನೂ ಸಮ ಮಾಡಿದ ಮೇಲೆ ಮಾತು ತಿರುಗಿತು.

ಸೂಜಿ ಕೂರಿಸುವ ಕೆಲಸ ನಿಮಗೆಲ್ಲ ಗೊತ್ತು. ಮೈಕ್ರೋಲೀನಿಯರ್ ಕ್ಷಮಿಸದ ಜಾಗಗಳನ್ನಷ್ಟೇ ಹೇಳುತ್ತೇನೆ. ಸೂಜಿ ಪ್ಲೇಟಿನ ಮೇಲೆ ಒತ್ತುವ ಭಾರ 2 ಗ್ರಾಂ. ಆರುನೂರು ರೂಪಾಯಿಯ ಡಿಜಿಟಲ್ ತಕ್ಕಡಿಯ ತಟ್ಟೆ ಉಕ್ಕಿನದು; ಕಾರ್ಟ್ರಿಡ್ಜಿನ ಅಯಸ್ಕಾಂತ ಅದನ್ನು ಎಳೆದು ಅಳತೆ ತಪ್ಪಿಸುತ್ತದೆ. ತಟ್ಟೆಯ ಮೇಲೆ ಪ್ಲಾಸ್ಟಿಕ್ ಸ್ಕೇಲಿನ ತುಂಡು ಅಂಟಿಸಿ, ಅದರ ತುದಿ ಹೊರಚಾಚುವಂತೆ ಮಾಡಿ, ಸೂಜಿಯನ್ನು ಆ ತುದಿಗೆ ಇಳಿಸಿದೆ. ತುದಿಯ ಎತ್ತರ ಪ್ಲೇಟಿನ ಎತ್ತರಕ್ಕೇ ಇರಲಿ.

ಪ್ರೊಟ್ರ್ಯಾಕ್ಟರ್ (ಕಾರ್ಟ್ರಿಡ್ಜಿನ ಕೋನ ಹೊಂದಿಸುವ ಗುರುತಿನ) ಕಾಗದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು ಇನ್ನೊಂದು ಪೆಟ್ಟು. ಪುಟಕ್ಕೆ ಹೊಂದಿಸುವ ಆಯ್ಕೆ ಚಾಲೂ ಇತ್ತು, ಎಲ್ಲ 97 ಪರ್ಸೆಂಟಿಗೆ ಕುಗ್ಗಿತ್ತು. ಪ್ಲೇಟಿನ ನಡುಬಿಂದುವಿನಿಂದ 66 ಮಿ.ಮೀ. ಇರಬೇಕಾದ ಗುರುತು 64ಕ್ಕೆ ಬಿದ್ದಿತ್ತು. ಒಂದು ವಾರ ತಪ್ಪು ಜೋಡಣೆಯಲ್ಲೇ ಕೇಳಿ ಸೂಜಿಯನ್ನು ಬೈದೆ. ಉಕ್ಕಿನ ಸ್ಕೇಲಿನಿಂದ ಅಳೆಯದೆ ಯಾವ ಪ್ರಿಂಟನ್ನೂ ನಂಬಬಾರದು. ಗೆರೆಗೆ ಸಮ ಮಾಡಬೇಕಾದ್ದು ಕ್ಯಾಂಟಿಲಿವರನ್ನು (ಸೂಜಿಯ ತುದಿ ಹೊತ್ತ ಸಣ್ಣ ಕಡ್ಡಿಯನ್ನು), ಕಾರ್ಟ್ರಿಡ್ಜಿನ ದೇಹವನ್ನಲ್ಲ.

ಯಾವ ಜೋಡಣೆ? ಬಹಳ ಮಂದಿ ಕಣ್ಣುಮುಚ್ಚಿ ಬೇರ್‌ವಾಲ್ಡ್ ಎಂಬ ಲೆಕ್ಕ ಅನ್ನುತ್ತಾರೆ: ಅದರಲ್ಲಿ ಸೂಜಿಯ ಕೋನದ ದೋಷ ಸೊನ್ನೆಯಾಗುವುದು 66 ಮತ್ತು 120.9 ಮಿ.ಮೀ.ಗಳಲ್ಲಿ. ಸ್ಟೀವನ್‌ಸನ್ ಎಂಬ ಇನ್ನೊಂದು ಲೆಕ್ಕದಲ್ಲಿ ಅದು 60.3 ಮತ್ತು 117.4. ನನ್ನ ನಲವತ್ತರ ಆಸುಪಾಸು ಖ್ಯಾಲಿನ ಪ್ಲೇಟುಗಳ ಕೊನೆಯ ಗೆರೆ ಅಳೆದೆ. ಮುಕ್ಕಾಲುಪಾಲು 60ರಿಂದ 64ರೊಳಗೆ ಮುಗಿಯುತ್ತವೆ. ಇಪ್ಪತ್ತೆರಡು ನಿಮಿಷ ಮೀರಿದ ಬದಿಗಳಲ್ಲಿ ದ್ರುತ್ ಪೂರಾ ಅಲ್ಲೇ. ಹಾಗಾಗಿ ಕಾರ್ಟ್ರಿಡ್ಜನ್ನು ಎರಡು ಮಿ.ಮೀ.ಯಷ್ಟು ಹಿಂದೆ ಸರಿಸಿ ಸ್ಟೀವನ್‌ಸನ್ ಹಿಡಿದೆ. ಪ್ಲೇಟಿನ ನಡುಭಾಗದಲ್ಲಿ ದೋಷ ತುಸು ಏರುತ್ತದೆ, ಆದರೆ ಅಲ್ಲಿರುವುದು ವಿಲಂಬಿತಿನ ಬಡತ್ (ನಿಧಾನದ ರಾಗವಿಸ್ತಾರ). ನಾಟ್ಯಗೀತೆ, ಚಿತ್ರಗೀತೆ ಹೆಚ್ಚು ಕೇಳುವವರಿಗೆ ಬೇರ್‌ವಾಲ್ಡೇ ಸರಿ. ಆಂಟಿಸ್ಕೇಟ್‌ಗೆ (ಸೂಜಿ ಒಳಕ್ಕೆ ಎಳೆದುಹೋಗದಂತೆ ತಡೆಯುವ ಹಿಡಿತಕ್ಕೆ) ನನ್ನ ಪರೀಕ್ಷೆ ಸರಳ: ಜೋರಿನ ಜಾಗದಲ್ಲಿ ಬಲ ಚಾನೆಲ್ ಮೊದಲು ಒಡೆದರೆ ಏರಿಸು, ಎಡ ಮೊದಲು ಒಡೆದರೆ ಇಳಿಸು. ಆರ್ಮಿನ ಎತ್ತರ ಹಿಡಿಯಲು ಮಾತ್ರ ನನ್ನದೇ ಒಂದು ಕ್ರಮವಿದೆ, ಹಾರ್ಮೋನಿಯಮ್ಮಿನ ಒಂದು ನಿರ್ದಿಷ್ಟ ಸ್ವರ ಕೇಳಿಕೊಂಡು ಮಾಡುವುದು. ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಮೇಲಿನ ಸ್ವರ ತಿಳಿಯಾಗುತ್ತಲೇ ಕೆಳಗಿನ ಕೊಳಕು ಎದ್ದು ಕಂಡಿತು. ಕೋಣೆ 12 ಅಡಿ, 15 ಅಡಿ, ನೆಲಕ್ಕೆ ಶಹಾಬಾದ್ ಫರಸಿ. ಗಂಡುಕಂಠದ ಷಡ್ಜ ಕಾಳಿ ಒಂದಾದರೆ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ) ತಾನ್ಪುರದ ಖರ್ಜ (ಕೆಳಗಿನ ಷಡ್ಜದ ತಂತಿ) 69 ಹರ್ಟ್ಸ್. ಕೋಣೆಯ ಉದ್ದದ ಎರಡನೇ ಅನುರಣನ 75ರ ಹತ್ತಿರ. ನನ್ನ ಕುರ್ಚಿ ಇದ್ದದ್ದು ಸರಿಯಾಗಿ ನಡುವೆ, ಆ ಅಲೆ ಅತಿ ದಪ್ಪಗಿರುವ ಜಾಗ. ಖರ್ಜ ಒಂದೇ ಗುಮ್ಮೆಂದು ತುಂಬಿ ಪಂಚಮ ಮುಚ್ಚಿಹೋಗುತ್ತಿತ್ತು. ಕುರ್ಚಿಯನ್ನು ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿಗೆ ತಂದೆ. ಸ್ಪೀಕರುಗಳನ್ನು ಗೋಡೆಯಿಂದ ಒಂದೂಕಾಲು ಅಡಿ ಇದ್ದದ್ದನ್ನು ಎರಡಡಿಗೂ ತುಸು ಮುಂದೆ ಎಳೆದೆ. ಅವುಗಳ ಹಿಂಬದಿಯ ತೂತಿಗೆ ಹಳೇ ಬನಿಯನ್ನಿನ ಸುರುಳಿ ಸಡಿಲಾಗಿ ತುರುಕಿದೆ. ಡೊಂಕಾದ ಪ್ಲೇಟಿಗೆ ವೂಫರ್ (ಸ್ಪೀಕರಿನ ದೊಡ್ಡ ಕೋನ್) ಒಳಗೆ ಹೊರಗೆ ತೇಕುವುದೂ ಕಡಿಮೆಯಾಯಿತು.

ಚಪ್ಪಾಳೆ ತಟ್ಟಿದರೆ ಟಣಟಣ ಎನ್ನುತ್ತಿದ್ದ ಗೋಡೆಗಳಿಗೆ ಕೌದಿ ತೂಗುಹಾಕಿದೆ. ಗೋಡೆಗೆ ಕನ್ನಡಿ ಹಿಡಿದು, ಕುರ್ಚಿಯಲ್ಲಿ ಕೂತವರಿಗೆ ಅದರಲ್ಲಿ ಸ್ಪೀಕರ್ ಕಾಣುವ ಜಾಗ ಗುರುತಿಸಿ ಅಲ್ಲೇ. ನಾಲ್ಕು ಮಡಿಕೆ, ಗೋಡೆಯಿಂದ ನಾಲ್ಕು ಬೆರಳು ದೂರ ಬಿಟ್ಟು. ಮೂರು ಹಾಕಿದಾಗ ತಾನ್ಪುರದ ಜೀವವೇ ಹೋಯಿತು, ಒಂದನ್ನು ತೆಗೆದೆ. ಕೆಳಗೆ ನವಲಗುಂದದ ಜಮಖಾನೆ ಸಾಕು. ಕೌದಿ ಗುಮ್ಮೆನ್ನುವುದಕ್ಕೆ ಮದ್ದಲ್ಲ, ಅದಕ್ಕೆ ಕುರ್ಚಿ ಸರಿಸುವುದೇ ದಾರಿ.

ಟರ್ನ್‌ಟೇಬಲ್ ಕೆಳಗೆ ಕಲ್ಲಿನ ಅಂಗಡಿಯಿಂದ ಇನ್ನೂರಕ್ಕೆ ತಂದ ಇಲಕಲ್ ಗ್ರಾನೈಟ್ ತುಂಡು, ಅದರ ಕೆಳಗೆ ರಬ್ಬರ್. ಪ್ಲೇಟು ತಿರುಗದಂತೆ ನಿಲ್ಲಿಸಿ, ಸೂಜಿ ಇಳಿಸಿ, ವಾಲ್ಯೂಮ್ ಏರಿಸಿ ಕಲ್ಲಿಗೆ ಬೆರಳಿನಿಂದ ತಟ್ಟಿ ನೋಡಿ. ರಬ್ಬರ್ ಇಲ್ಲದೆ ಬರೀ ಕಲ್ಲಿದ್ದಾಗ ಠಣ್ ಎಂದು ಸ್ಪೀಕರಿನಲ್ಲಿ ಬರುತ್ತಿತ್ತು.

ನಡುವೆ 78ರ ಪ್ಲೇಟುಗಳ (ನಿಮಿಷಕ್ಕೆ 78 ಸುತ್ತಿನ ಹಳೇ ಅರಗಿನ ಪ್ಲೇಟುಗಳ) ಪ್ರಯೋಗವನ್ನೂ ಮಾಡಿದೆ. ಅದೇ ದೇಹಕ್ಕೆ ಕೂರುವ ಎಸ್‌ಪಿ ಸೂಜಿ 3 ಮಿಲ್, ಭಾರ 5 ಗ್ರಾಂ. ಎಲ್‌ಪಿ ಸೂಜಿಯನ್ನು 78ಕ್ಕೆ ಎಂದೂ ಇಳಿಸಬೇಡಿ, ಅಗಲ ಗೆರೆಯ ತಳ ಕೆರೆದು ಹಾಳಾಗುತ್ತದೆ. ಮೋನೋ ಮಾಡಲು ವೈ ಕೇಬಲ್ ಬೇಡ, ಕೆಪಾಸಿಟೆನ್ಸ್ ಮತ್ತೆ ಏರುತ್ತದೆ. ಆಂಪ್ಲಿಫೈಯರಿನ ಮೋನೋ ಸ್ವಿಚ್ ಒತ್ತಿದರೆ ಕರಕರ ಅರ್ಧಕ್ಕೆ ಇಳಿಯುತ್ತದೆ. ಈ 78ರ ಪ್ಲೇಟು ತೊಳೆಯುವ ನೀರಿನಲ್ಲಿ ಆಲ್ಕೋಹಾಲ್ ಹನಿಯೂ ಇರಕೂಡದು, ಅರಗು ಕರಗುತ್ತದೆ. ಎಲ್‌ಪಿಗೆ ನಾನು ಬಳಸುವ ಮಿಶ್ರಣ ಬೇರೆ, ಅದರ ಪ್ರಮಾಣ ನನ್ನ ಬಳಿಯೇ ಇರಲಿ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಬಂದ ಹಳೇ ಪ್ಲೇಟನ್ನು ತೊಳೆಯದೆ ಈ ಸೂಜಿಯ ಕೆಳಗೆ ಇಡುವುದಿಲ್ಲ. ಸೂಜಿ ಒರೆಸಲು ಮೆಲಮೈನ್ ಸ್ಪಂಜಿನ ತುಂಡು: ನೇರ ಕೆಳಗೆ, ನೇರ ಮೇಲೆ, ಅಡ್ಡ ಎಳೆಯುವಂತಿಲ್ಲ.

ಖರ್ಚು ನೆನಪಿದ್ದಷ್ಟು: ಸೂಜಿ 15,000, ತಕ್ಕಡಿ 600, ಕೇಬಲ್ ಮತ್ತು ಪ್ಲಗ್ಗು 550, ಕೆಪಾಸಿಟರ್ ಮತ್ತು ಬೆಸುಗೆ ಸಾಮಾನು 150, ಕಲ್ಲು 200, ಫೋನೋ ಸ್ಟೇಜಿನಲ್ಲಿ ಕಳೆದದ್ದು 2,500. ಒಟ್ಟು 19 ಸಾವಿರ. ಎಸ್‌ಪಿ ಸೂಜಿ ಇದರಲ್ಲಿಲ್ಲ, ಎಲ್‌ಸಿಆರ್ ಮೀಟರ್ ಎರವಲು.

ಆಂಪ್ಲಿಫೈಯರ್ ಬದಲಿಸಿ ಎಂದು ಗಟ್ಟಿಯಾಗಿ ಹೇಳಿದ್ದ ಗೆಳೆಯರೊಬ್ಬರು ಈಗ ಇದೇ ಸೂಜಿ ತರಿಸಿದ್ದಾರೆ, ಅವರಲ್ಲೂ 'ಸ'ಕಾರ ಚುಚ್ಚುತ್ತಿದೆ. ಅವರ ಆಂಪ್ಲಿಫೈಯರಿನ ಫೋನೋ ಇನ್‌ಪುಟ್‌ನಲ್ಲಿ ಸಿಕ್ಕದ್ದು 330 ಪಿಎಫ್. ಬರುವ ಭಾನುವಾರ ಅದನ್ನು ಕೀಳುವುದಿದೆ. ಆರಿಸಿ ಉಳಿದ ಎಂಟರಲ್ಲಿ ಇನ್ನೊಂದು ಜೋಡಿ ಸರಿಹೊಂದುತ್ತದೆ.