ಹಳಿಯಾಳದ ಕಬ್ಬು ಬೆಳೆಗಾರರು ದೇಶದ ಸಕ್ಕರೆ ಲೆಕ್ಕವನ್ನು ಓದುವ ಬಗೆ

ಉತ್ತರ ಕನ್ನಡದಲ್ಲಿ ಕಬ್ಬೆಂದರೆ ಶಿರಸಿಯವರಿಗೆ ಆಲೆಮನೆಯ ಜೋನಿಬೆಲ್ಲ, ಹಳಿಯಾಳದವರಿಗೆ ಕಾರ್ಖಾನೆ. ಕಾರ್ಖಾನೆಗೆ ಕಬ್ಬು ಸಾಗಿಸುವವರು ದೇಶದ ಲೆಕ್ಕವನ್ನೂ ಓದಲು ಕಲಿಯಬೇಕು.

ಸಕ್ಕರೆ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ. ಮೊದಲು ಆರಂಭಿಕ ದಾಸ್ತಾನಿಗೆ ಆ ವರ್ಷದ ಉತ್ಪಾದನೆಯನ್ನು ಕೂಡಿಸಿ, ಅದರಿಂದ ದೇಶದ ಬಳಕೆಯನ್ನೂ ರಫ್ತನ್ನೂ ಕಳೆಯಿರಿ. ಉಳಿದದ್ದೇ ಅಂತಿಮ ದಾಸ್ತಾನು. ಉತ್ಪಾದನೆಯ ಅಂಕಿ ಎಥೆನಾಲ್‌ಗೆ ತಿರುಗಿಸಿದ ಸಕ್ಕರೆಯನ್ನು ಕಳೆದದ್ದೋ ಅಲ್ಲವೋ ಎಂಬುದನ್ನು ನೋಡದಿದ್ದರೆ ಲೆಕ್ಕವೇ ತಪ್ಪುತ್ತದೆ. ನಮ್ಮ ವಾರ್ಷಿಕ ಬಳಕೆ ಸುಮಾರು 280 ಲಕ್ಷ ಟನ್. ಅಂದರೆ ತಿಂಗಳಿಗೆ ಸುಮಾರು 23 ಲಕ್ಷ ಟನ್. ಹೊಸ ಸಕ್ಕರೆ ಮಾರುಕಟ್ಟೆಗೆ ಬರುವವರೆಗೆ ಎರಡೂವರೆ ತಿಂಗಳಿಗೆ ಸಾಲುವಷ್ಟು, ಅಂದರೆ 58 ಲಕ್ಷ ಟನ್ನಿನಷ್ಟು ದಾಸ್ತಾನಿದ್ದರೆ ನೆಮ್ಮದಿ; ಅದಕ್ಕಿಂತ ಬಹಳ ಕಡಿಮೆಯಾದರೆ ರಫ್ತಿಗೆ ಕಡಿವಾಣ ಬೀಳಬಹುದೆಂದು ತಿಳಿಯಿರಿ.

ಬಳಿಕ ನಿಮ್ಮ ತೂಕದ ಚೀಟಿಯನ್ನು ಕೈಗೆತ್ತಿಕೊಳ್ಳಿ. 2025-26ಕ್ಕೆ ಕೇಂದ್ರ ಸರ್ಕಾರ ಶೇ. 10.25ರ ಇಳುವರಿಗೆ ಕ್ವಿಂಟಾಲ್ ಕಬ್ಬಿಗೆ 355 ರೂಪಾಯಿ ದರ ನಿಗದಿಪಡಿಸಿದ್ದು, ಪ್ರತಿ ಶೇ. 0.1ರ ಹೆಚ್ಚಳಕ್ಕೆ 3.46 ರೂಪಾಯಿ ಸೇರುತ್ತದೆ. ಇಳುವರಿ ಶೇ. 10.75 ಆದರೆ ದರ 372.30 ರೂಪಾಯಿ. ಇಲ್ಲಿ ಇಳುವರಿ ಎಂದರೆ ಎಕರೆಯ ಟನ್ನಲ್ಲ, ನೂರು ಕಿಲೋ ಕಬ್ಬಿನಿಂದ ಸಿಗುವ ಸಕ್ಕರೆ. ಕಡಿದ ಕಬ್ಬು ಬಿಸಿಲಿನಲ್ಲಿ ಒಣಗಿದಷ್ಟೂ ಅದು ಇಳಿಯುತ್ತದೆ. ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಬರದಿದ್ದರೆ ವಾರ್ಷಿಕ ಶೇ. 15ರ ಬಡ್ಡಿ ಕೇಳುವುದು ನಿಮ್ಮ ಹಕ್ಕು. ಆದ್ದರಿಂದ ಆ ಚೀಟಿಯನ್ನು ಜೋಪಾನವಾಗಿಡಿ.