ಹಳೇ ಲಾರಿಯ ಟಿಕ್ ಟಿಕ್ ಸದ್ದಿನ ಬೆನ್ನು ಹತ್ತಿ

ಅಡಿಕೆ ಕೊಯ್ಲು ಜೋರಾಗಿದ್ದ ದಿನಗಳು. ಬೆಳಿಗ್ಗೆ ಆರು ಗಂಟೆ, ಅಂಗಳದಲ್ಲಿ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಸೆಲ್ಫ್ ಹೊಡೆದೆ. ಇಂಜಿನ್ ಹಿಡಿಯಿತು, ಜೊತೆಗೇ ಟಿಕ್ ಟಿಕ್ ಟಿಕ್ ಅಂತ ಗಟ್ಟಿ ಸದ್ದು. ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳಿತು. "ಏನೋ ಅದು, ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟಿದ ಹಾಗೆ?" ಅಂದರು.

ನನ್ನದು 2003ರ ಮಾಡೆಲ್ ಸಣ್ಣ ಲಾರಿ. ನಾಲ್ಕು ಸಿಲಿಂಡರ್ ಡೀಸೆಲ್, ಹಳೇ ಕಾಲದ ಮೆಕ್ಯಾನಿಕಲ್ ಪಂಪ್. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗ ಮಂಡಿಗೆ ಅಡಿಕೆ ಮೂಟೆ ಒಯ್ಯುತ್ತೇನೆ, ವಾಪಸ್ ಬರುವಾಗ ಗೊಬ್ಬರ, ಹಿಂಡಿ ತರುತ್ತೇನೆ. ಆಗಾಗ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆಗೂ ಹೋಗುವುದುಂಟು. ಸಣ್ಣಪುಟ್ಟ ಕೆಲಸ ಎಲ್ಲ ನಾನೇ ಮಾಡಿಕೊಳ್ಳುತ್ತೇನೆ. ಆದರೂ ಆ ಸದ್ದು ಕೇಳಿ ಎದೆ ಧಸಕ್ ಅಂದಿತು. ಸೀಸನ್ ಮಧ್ಯೆ ಗಾಡಿ ನಿಂತರೆ ಮನೆಯೇ ನಿಂತ ಹಾಗೆ ಅಲ್ವಾ.

ಆ ಸದ್ದಿನಲ್ಲೇ ಕೆಲವು ಟ್ರಿಪ್ ಮುಗಿಸಿ, ಮೊದಲು ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ಹುಡುಗ ಇಂಜಿನ್ ಓಡುತ್ತಿರುವಾಗಲೇ ನಾಜಲ್ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಮೂತಿ) ಪೈಪಿನ ನಟ್‌ಗಳನ್ನು ಒಂದೊಂದಾಗಿ ಸಡಿಲ ಮಾಡಿ ನೋಡಿದ. ಒಂದು, ಎರಡು, ಮೂರು ಸಡಿಲ ಮಾಡಿದಾಗ ಸದ್ದು ಹಾಗೇ ಇತ್ತು. ನಾಲ್ಕನೆಯದನ್ನು ಸಡಿಲ ಮಾಡಿದ ಕೂಡಲೇ ಸದ್ದು ನಿಂತಿತು. "ಅಣ್ಣಾ, ನಾಲ್ಕನೇದರ ಬಿಗ್ ಎಂಡ್ ಬೇರಿಂಗ್ ಹೋಗಿದೆ. ಹಾಫ್ ಇಂಜಿನ್ ಕೆಲಸ ಮಾಡಿಸಲೇಬೇಕು" ಅಂದ. ಬಿಗ್ ಎಂಡ್ ಅಂದರೆ ಪಿಸ್ಟನ್ನಿನ ಕಡ್ಡಿ ಕೆಳಗೆ ಕ್ರ್ಯಾಂಕನ್ನು ಹಿಡಿಯುವ ಜಾಗ, ಅದರ ಬೇರಿಂಗ್ ಹೋದರೆ ಇಂಜಿನ್ ಬಿಚ್ಚಬೇಕು. ಅವನು ಮಾಡಿದ ಪರೀಕ್ಷೆ ಸರಿಯಾಗಿಯೇ ಇತ್ತು. ಆ ಸಿಲಿಂಡರಿಗೆ ಡೀಸೆಲ್ ನಿಂತರೆ ಅಲ್ಲಿ ಡೀಸೆಲ್ ಹೊತ್ತಿ ಪಿಸ್ಟನ್ನಿಗೆ ಬೀಳುವ ಹೊಡೆತ ಇಲ್ಲ, ಹೊಡೆತ ಇಲ್ಲದಿದ್ದರೆ ಬೇರಿಂಗ್ ಸದ್ದೂ ತಗ್ಗುತ್ತದೆ. ಆದರೆ ಹೊಡೆತ ನಿಂತಾಗ ತಗ್ಗುವ ಸದ್ದು ಬೇರಿಂಗಿನದ್ದು ಒಂದೇ ಅಲ್ಲ. ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. "ಎರಡು ದಿನ ಕೊಡಪ್ಪಾ, ಯೋಚನೆ ಮಾಡಿ ಹೇಳ್ತೀನಿ" ಅಂತ ಗಾಡಿ ಮನೆಗೆ ತಂದೆ.

ಬೇರಿಂಗ್ ಹೋಗಿದ್ದರೆ ಓಡಿಸಿದಷ್ಟೂ ಹಾಳು. ಹಾಗಾಗಿ ಮೊದಲು ಆಯಿಲ್ ನೋಡಿದೆ. ಮಟ್ಟ ಸರಿಯಿತ್ತು. ಇಂಜಿನ್ ಬಿಸಿಯಾದ ಮೇಲೂ ಪ್ರೆಶರ್ ಮುಳ್ಳು ಮಾಮೂಲಿ ಜಾಗದಲ್ಲೇ ನಿಂತಿತ್ತು. ಆಯಿಲ್ ಬದಲಿಸುವ ಹೊತ್ತೂ ಹತ್ತಿರ ಬಂದಿತ್ತು, ಇಳಿಸಿಯೇ ಬಿಟ್ಟೆ. ಬಿಳಿ ಬಟ್ಟೆ ಮೇಲೆ ಸೋಸಿದೆ, ಅಯಸ್ಕಾಂತ ಆಡಿಸಿದೆ, ಬಿಸಿಲಿಗೆ ಹಿಡಿದು ನೋಡಿದೆ. ಮಿನುಗುವ ಲೋಹದ ಪುಡಿ ಎಲ್ಲೂ ಕಾಣಲಿಲ್ಲ. ಅರ್ಧ ಧೈರ್ಯ ಬಂತು.

ಆಮೇಲೆ ಸದ್ದಿನ ತಾಳ. ಫೋನಿನಲ್ಲಿ ರೆಕಾರ್ಡ್ ಮಾಡಿ, ನಿಧಾನ ಮಾಡಿ ಕೇಳಿ ಎಣಿಸಿದೆ. ಸೆಕೆಂಡಿಗೆ ಸುಮಾರು ಆರು ಟಿಕ್. ನನ್ನ ಇಂಜಿನ್ ಐಡಲಿನಲ್ಲಿ ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಹನ್ನೆರಡೂವರೆ. ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ಬಂದರೆ, ಗಾಳಿ ಒಳಗೆ ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಶಾಫ್ಟ್ ಒಂದು ಸುತ್ತು. ಹಾಗಾದರೆ ಈ ಸದ್ದು ಎರಡು ಸುತ್ತಿಗೆ ಒಂದು ಸಲ ಬರುತ್ತಿದೆ. ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್, ಸಡಿಲ ಇದ್ದರೂ ಇದೇ ತಾಳ.

ಮರುದಿನ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಮೇಲಿನ ಕವರ್ ಬಿಚ್ಚಿದೆ. ಟ್ಯಾಪೆಟ್ ಕೂರಿಸುವುದು ನನಗೆ ಇಷ್ಟದ ಕೆಲಸ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿ, 1-3-4-2. ನಾಲ್ಕನೆಯದರ ಎರಡೂ ವಾಲ್ವ್ ಒಟ್ಟಿಗೆ ಆಡುವಾಗ, ಒಂದು ಏಳುತ್ತಾ ಇನ್ನೊಂದು ಕೂರುತ್ತಾ ಇರುವಾಗ, ಒಂದನೆಯದನ್ನು ಅಳೆಯಬೇಕು. ಅಲ್ಲಿಂದ ಕ್ರ್ಯಾಂಕ್ ಅರ್ಧ ಸುತ್ತು ತಿರುಗಿಸಿದರೆ ಎರಡನೆಯದು ಆಡುತ್ತದೆ, ಆಗ ಮೂರನೆಯದು. ಮುಂದಿನ ಅರ್ಧ ಸುತ್ತಿಗೆ ಒಂದು ಆಡುತ್ತದೆ, ನಾಲ್ಕನ್ನು ಅಳೆಯುವುದು. ಕೊನೆಗೆ ಮೂರು ಆಡುವಾಗ ಎರಡು. ಗ್ಯಾಪ್ ಎಷ್ಟು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಅವರವರ ಗಾಡಿಯ ಪುಸ್ತಕದ ಲೆಕ್ಕವನ್ನೇ ಹಿಡಿಯಬೇಕು. ಫೀಲರ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕುವ ಮೊದಲು ರಾಕರ್ ತುದಿಯನ್ನೂ ಬೆರಳಿನಿಂದ ಸವರಿ ನೋಡುತ್ತೇನೆ. ಸವೆದು ಗುಳಿ ಬಿದ್ದಿದ್ದರೆ ಫೀಲರ್ ಪಟ್ಟಿ ಗುಳಿಯ ಮೇಲೆ ಸೇತುವೆ ಹಾಗೆ ಕೂರುತ್ತದೆ. ಅಳತೆ ಸರಿ ಅಂತ ತೋರುತ್ತದೆ, ಒಳಗೆ ಗ್ಯಾಪ್ ಜಾಸ್ತಿಯೇ ಇರುತ್ತದೆ.

ನನ್ನಲ್ಲಿ ಗುಳಿ ಇರಲಿಲ್ಲ. ಮೂರನೆಯದರ ಎಕ್ಸಾಸ್ಟ್ ವಾಲ್ವ್ ಮಾತ್ರ ಸಡಿಲ ಇತ್ತು, ಸರಿ ಮಾಡಿದೆ. ಕವರ್ ಹಾಕಿ ಸ್ಟಾರ್ಟ್ ಮಾಡಿದರೆ ಮೇಲಿನ ಕಟಕಟ ಸ್ವಲ್ಪ ಕಡಿಮೆ ಆಗಿತ್ತು. ಆ ಗಟ್ಟಿ ಟಿಕ್ ಮಾತ್ರ ಇದ್ದಲ್ಲೇ ಇತ್ತು.

ಒಂದು ಉದ್ದ ಸ್ಕ್ರೂಡ್ರೈವರ್ ತಗೊಂಡು, ಮರದ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಇಂಜಿನ್ನಿನ ಮೇಲೆ ಒಂದೊಂದು ಕಡೆ ಇಟ್ಟು ಕೇಳುತ್ತಾ ಹೋದೆ. ಫ್ಯಾನ್, ಬೆಲ್ಟಿನಿಂದ ದೂರ ಇರಬೇಕು, ಬನಿಯನ್ ತುದಿ, ಟವೆಲ್ ಏನೂ ಇಳಿಬಿದ್ದಿರಬಾರದು. ಟ್ಯಾಪೆಟ್ ಕವರ್, ಬ್ಲಾಕಿನ ಪಕ್ಕ, ಆಯಿಲ್ ಚೇಂಬರ್ ಮೇಲೆ, ಪಂಪ್, ಆಲ್ಟರ್ನೇಟರ್ ಹಿಂದಿನ ವ್ಯಾಕ್ಯೂಮ್ ಪಂಪ್, ಎಲ್ಲ ಮುಗಿಯಿತು. ಎಲ್ಲೂ ಆ ಟಿಕ್ ಜೋರಾಗಲಿಲ್ಲ. ಕಬ್ಬಿಣಕ್ಕೆ ಕಿವಿ ಕೊಟ್ಟಾಗ ಮಂದ, ಬರಿಗಿವಿಗೆ ಚೂಪು. ಆ ಕ್ಷಣ ನನಗೆ ಹೊಳೆಯಿತು. ಕಬ್ಬಿಣ ಕಬ್ಬಿಣಕ್ಕೆ ಬಡಿದರೆ ಕಬ್ಬಿಣದಲ್ಲೇ ಚೆನ್ನಾಗಿ ಕೇಳಬೇಕು. ಇದು ಗಾಳಿಯಲ್ಲಿ ಹುಟ್ಟುತ್ತಿರುವ ಸದ್ದು. ಹೊಗೆ ಎಲ್ಲೋ ಚಿಮ್ಮುತ್ತಿದೆ.

ಆಗ ದಾರಿಯಲ್ಲಿ ಗಮನಿಸಿದ್ದೆಲ್ಲ ನೆನಪಿಗೆ ಬಂತು. ಮನೆಯಿಂದ ಹೊರಡುವಾಗ ಸದ್ದು ಜೋರು. ಶಿವಮೊಗ್ಗ ದಾರಿಯ ಮಂಡಗದ್ದೆ ದಾಟುವ ಹೊತ್ತಿಗೆ ಅರ್ಧಕ್ಕರ್ಧ ಕಡಿಮೆ. ಬೇರಿಂಗ್ ಆಗಿದ್ದರೆ ಬಿಸಿಗೆ ಆಯಿಲ್ ತೆಳ್ಳಗಾಗಿ ಸದ್ದು ಏರಬೇಕಿತ್ತು. ಹುಲಿಕಲ್ ಘಾಟಿಯ ಬುಡದ ಹೊಸಂಗಡಿಯಿಂದ ಲೋಡ್ ಹಾಕಿಕೊಂಡು ಮಾಸ್ತಿಕಟ್ಟೆ ಕಡೆ ಹತ್ತುವಾಗ ಟಿಕ್ ಹೋಗಿ ಚಟ್ ಚಟ್ ಆಗುತ್ತಿತ್ತು. ಇಳಿಜಾರಿನಲ್ಲಿ ಕಾಲು ತೆಗೆದರೆ ಸದ್ದೇ ಇಲ್ಲ. ಟ್ಯಾಪೆಟ್ ಸದ್ದಾದರೆ ಲೋಡಿಗೆ ಇಷ್ಟೊಂದು ಏರಿಳಿಯುವುದಿಲ್ಲ.

ನಾಜಲ್ ಕೆಳಗಿನ ತಾಮ್ರದ ವಾಷರ್ ಸೋರಿದರೂ ಹೀಗೇ ಸದ್ದು ಬರುತ್ತದೆ. ಅಲ್ಲಿ ಡಾಂಬರಿನ ಹಾಗೆ ಕಪ್ಪು ಅಂಟು ಕಟ್ಟಿರಬೇಕಿತ್ತು, ಇರಲಿಲ್ಲ. ಉಳಿದದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಎಲ್ಲ ಸಿಲಿಂಡರಿನ ಹೊಗೆಯನ್ನು ಸೇರಿಸಿ ಸೈಲೆನ್ಸರ್ ಕಡೆ ಕಳಿಸುವ ಕಬ್ಬಿಣದ ಕೊಳವೆ. ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮ್ಯಾನಿಫೋಲ್ಡ್ ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಮುಚ್ಚಳದ ಭಾಗ) ಕೂರುವ ಗೆರೆಯ ಉದ್ದಕ್ಕೂ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲೇ ಇದನ್ನು ಮಾಡಬೇಕು, ಆಮೇಲೆ ಪೈಪೂ ಸುಡುತ್ತದೆ, ಕೈಯೂ ಸುಡುತ್ತದೆ. ನಾಲ್ಕನೇ ಸಿಲಿಂಡರಿನ ಹತ್ತಿರ ಬಂದಾಗ ಕಿವಿಗೆ ಯಾರೋ ಬೆರಳಲ್ಲಿ ಚಿಟುಕಿ ಹೊಡೆದ ಹಾಗಾಯಿತು. ತಮ್ಮನ ಕೈಗೆ ಟಾರ್ಚ್ ಕೊಟ್ಟೆ. "ಅಣ್ಣಾ, ಹಿಂದೆ ಕಡ್ಡಿಗೆರೆ ಹಾಗೆ ಮಸಿ ಇದೆ, ಒಂದು ನಟ್ಟೇ ಇಲ್ಲ" ಅಂದ. ಕಟ್ಟಕಡೆಯ ಸ್ಟಡ್ (ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವ ತಲೆಯಿಲ್ಲದ ಬೋಲ್ಟ್) ಮುರಿದಿತ್ತು. ನಾಲ್ಕನೆಯದಕ್ಕೆ ಡೀಸೆಲ್ ನಿಲ್ಲಿಸಿದಾಗ ಸದ್ದು ಯಾಕೆ ನಿಂತಿತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಅಲ್ಲಿ ಹೊತ್ತಿಕೊಳ್ಳದಿದ್ದರೆ ಆ ಸಂದಿಯಿಂದ ಜೋರಾಗಿ ಚಿಮ್ಮುವುದಕ್ಕೆ ಹೊಗೆಯೇ ಇಲ್ಲವಲ್ಲ.

ಕೊನೆಯ ಸ್ಟಡ್ಡೇ ಮುರಿಯುವುದಕ್ಕೂ ಕಾರಣ ಇದೆ. ಮ್ಯಾನಿಫೋಲ್ಡ್ ಹೆಡ್ಡಿಗಿಂತ ಜಾಸ್ತಿ ಕಾಯುತ್ತದೆ, ಕಾದಾಗ ಉದ್ದಕ್ಕೆ ಹಿಗ್ಗುತ್ತದೆ. ಮಧ್ಯದಲ್ಲಿ ಅಲುಗಾಟ ಕಡಿಮೆ, ಎರಡು ತುದಿಗಳಲ್ಲಿ ಜಾಸ್ತಿ. ವರ್ಷಗಟ್ಟಲೆ ಹಿಂದೆ ಮುಂದೆ ಎಳೆದಾಡಿದರೆ ತುದಿಯ ಸ್ಟಡ್ ಸೋಲುತ್ತದೆ. ಪೂರ್ತಿ ಬಿಸಿಯಾದಾಗ ಆ ಹಿಗ್ಗಿದ ಕಬ್ಬಿಣವೇ ಸಂದಿಯನ್ನು ಒಂದಿಷ್ಟು ಮುಚ್ಚುತ್ತದೆ, ಅದಕ್ಕೇ ಮಂಡಗದ್ದೆ ಹೊತ್ತಿಗೆ ಸದ್ದು ತಗ್ಗುತ್ತಿದ್ದದ್ದು.

ಸ್ಟಡ್ ತೆಗೆಯುವುದು ಇಡೀ ಒಂದು ದಿನದ ಕೆಲಸವಾಯಿತು. ನಮ್ಮ ಮಳೆಗೆ ತುಕ್ಕು ಹೇಗೆ ಹಿಡಿಯುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಅದೃಷ್ಟಕ್ಕೆ ತುಂಡು ಮೂರು ಮಿಲಿಮೀಟರಿನಷ್ಟು ಹೊರಗೆ ಉಳಿದಿತ್ತು. ಬೆಳಿಗ್ಗೆ ಎಣ್ಣೆಯನ್ನೆಲ್ಲ ಒರೆಸಿ, ಬ್ಯಾಟರಿ ವೈರ್ ಬಿಚ್ಚಿ, ಆಲ್ಟರ್ನೇಟರ್ ಕನೆಕ್ಷನ್ ತೆಗೆದು, ವೆಲ್ಡಿಂಗ್ ಮಾಡುವವರನ್ನು ಕರೆಸಿ ಆ ತುಂಡಿನ ಮೇಲೆ ಒಂದು ನಟ್ ಕೂರಿಸಿ ವೆಲ್ಡ್ ಮಾಡಿಸಿದೆ. ಕೆಂಪು ಇಳಿದ ಮೇಲೆ ಸ್ಪ್ಯಾನರ್ ಹಾಕಿ, ಒಂದೇ ಸಲ ಬಿಚ್ಚದೆ, ಚೂರು ಹಿಂದೆ ಚೂರು ಮುಂದೆ ಆಡಿಸಿದೆ. ಮೊದಲ ಸಲ ನಟ್ಟೇ ಕಿತ್ತು ಬಂತು. ಎರಡನೇ ಸಲ "ಕಿರ್" ಅಂತು. ಆ ಸದ್ದಿಗೆ ಆದ ಸಂತೋಷ ಹೇಳತೀರದು.

ಮ್ಯಾನಿಫೋಲ್ಡನ್ನು ಸುಮ್ನೆ ವಾಪಸ್ ಹಾಕಲಿಲ್ಲ. ಶಿವಮೊಗ್ಗದ ಲೇತ್ ಅಂಗಡಿಗೆ ಒಯ್ದೆ. ಅಲ್ಲಿಯ ಹಿರಿಯರು ಸಮತಟ್ಟಾದ ಪ್ಲೇಟಿನ ಮೇಲಿಟ್ಟು ತೋರಿಸಿದರು, ನಾಲ್ಕನೆಯದರ ಕೆಳಗೆ 0.40 ಮಿಲಿಮೀಟರ್ ಫೀಲರ್ ಸಲೀಸಾಗಿ ನುಗ್ಗುತ್ತಿತ್ತು. "ಇದನ್ನ ಹೀಗೇ ಹಾಕಿದ್ರೆ ತಿಂಗಳಲ್ಲಿ ಮತ್ತೆ ಪ್ಯಾಕಿಂಗ್ ಹೋಗ್ತದೆ ನೋಡಿ" ಅಂದರು. ಕೂರುವ ಮುಖವನ್ನು ಮಟ್ಟಸ ಮಾಡುವ ಫೇಸಿಂಗ್ ಮಾಡಿಸಿದೆ. ಸಂದಿ ಮುಚ್ಚುವ ಹೊಸ ಪ್ಯಾಕಿಂಗ್ ತಂದೆ, ಎಲ್ಲ ಸ್ಟಡ್ಡುಗಳನ್ನೂ ಬದಲಿಸಿದೆ. ಮಧ್ಯದಿಂದ ಶುರು ಮಾಡಿ ಎರಡೂ ತುದಿಗೆ ಹೋಗುತ್ತಾ, ಮೂರು ಸುತ್ತಿನಲ್ಲಿ, ಬಿಗಿಯ ಅಳತೆ ತೋರಿಸುವ ಟಾರ್ಕ್ ವ್ರೆಂಚ್‌ನಿಂದ ಬಿಗಿ ಮಾಡಿದೆ.

ನಾಜಲ್ ನಟ್ ಸಡಿಲ ಮಾಡಿ ನೋಡುವ ಪರೀಕ್ಷೆ ಬಗ್ಗೆ ಒಂದು ಮಾತು. ನನ್ನ ಗಾಡಿಯಂಥ ಹಳೇ ಪಂಪಿನಲ್ಲೂ ನಟ್ ಮೇಲೆ ಬಟ್ಟೆ ಹಿಡಿದು, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಬೇಕು. ಕಾಮನ್ ರೈಲ್ ಗಾಡಿಗಳಲ್ಲಿ, ಅಂದರೆ ಭಾರೀ ಒತ್ತಡದ ಡೀಸೆಲನ್ನು ಒಂದೇ ಪೈಪಿನಲ್ಲಿ ತುಂಬಿಟ್ಟು ಎಲ್ಲ ನಾಜಲಿಗೂ ಕೊಡುವ ಹೊಸ ಕಾಲದ ಗಾಡಿಗಳಲ್ಲಿ, ದಯವಿಟ್ಟು ಆ ನಟ್ಟಿಗೆ ಕೈ ಹಾಕಬೇಡಿ. ಆ ಪೈಪುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಕೈ ಕತ್ತರಿಸುವ ತನಕ ಹೋಗಬಹುದು.

ಐನೂರು ಕಿಲೋಮೀಟರ್ ಓಡಿಸಿದ ಮೇಲೆ ಇಂಜಿನ್ ತಣ್ಣಗಿರುವಾಗ ಮತ್ತೊಮ್ಮೆ ವ್ರೆಂಚ್ ಹಾಕಿದೆ. ಮಧ್ಯದವು ಅಲುಗಲಿಲ್ಲ. ತುದಿಯ ಎರಡು ನಟ್ ಮಾತ್ರ ಚೂರು ತಿರುಗಿದವು.