ಪ್ರಾಗ್ ಕೋಟೆಗುಡ್ಡದಲ್ಲಿ ಆಗಮನ ಕಾಲ: ಕತ್ತಲಲ್ಲೇ ಶುರುವಾಗುವ ನನ್ನ ನಡಿಗೆ

ಡಿಸೆಂಬರಿನಲ್ಲಿ ಪ್ರಾಗ್‌ಗೆ ಬರುವ ನಮ್ಮವರು ಫೋನ್ ಮಾಡಿದರೆ ಮೊದಲು ವಿಚಾರಿಸುವುದು ಕ್ರಿಸ್ಮಸ್ ಮಾರ್ಕೆಟ್ಟನ್ನು. ದೀಪ, ಬಿಸಿ ವೈನು, ಫೋಟೋ. ಅದಕ್ಕೆ ನನ್ನ ಸಹಾಯ ಬೇಕಿಲ್ಲ, ಜನ ಹೋಗುವ ಕಡೆ ಹೋದರೆ ಸಾಕು. ಮಾರ್ಕೆಟ್ಟಿನಲ್ಲಿ ಹೊಗೆಯಾಡುತ್ತಿರುವ ಟ್ರ್ದೆಲ್ನಿಕ್ ಎಂಬ ಸುರುಳಿ ರೊಟ್ಟಿಯನ್ನು ಪ್ರಾಗಿನ ಪುರಾತನ ತಿಂಡಿ ಅಂತ ಮಾರುತ್ತಾರೆ, ನಂಬಬೇಡಿ ಅನ್ನುವುದಷ್ಟೇ ನನ್ನ ಸಲಹೆ. ನಾನು ಕರೆದುಕೊಂಡು ಹೋಗುವುದು ಹ್ರಾಡ್ಚನಿಗೆ, ಅಂದರೆ ಕೋಟೆ, ಪ್ರಧಾನಾಲಯ (ಕೆಥೆಡ್ರಲ್), ಮಹಾಧರ್ಮಾಧ್ಯಕ್ಷರ ಅರಮನೆ, ಮಠಗಳೆಲ್ಲ ಒತ್ತಿಕೊಂಡಿರುವ ಗುಡ್ಡಕ್ಕೆ. ಅದೂ ಶನಿವಾರ, ಬೆಳಕು ಹರಿಯುವ ಮುಂಚೆ.

ಕಾರಣ ಇದೆ. ಆಗಮನ ಕಾಲ ಕ್ರಿಸ್ಮಸ್ ಅಲ್ಲ, ಕ್ರಿಸ್ಮಸ್ಸಿಗಾಗಿ ಕಾಯುವ ಕಾಲ. ನವೆಂಬರ್ 30ರ ಆಸುಪಾಸಿನ ಭಾನುವಾರ ಶುರುವಾಗಿ ನಾಲ್ಕು ಭಾನುವಾರ ನಡೆಯುತ್ತದೆ. ಚರ್ಚಿನ ಗುರುಗಳು ನೇರಳೆ ಬಟ್ಟೆ ತೊಡುತ್ತಾರೆ, ಮೂರನೇ ಭಾನುವಾರ ಮಾತ್ರ ಗುಲಾಬಿ. ಹಬ್ಬದ ಸಂಭ್ರಮವನ್ನೆಲ್ಲ ಬೇಕೆಂದೇ ಹಿಡಿದಿಟ್ಟುಕೊಂಡಿರುವ ದಿನಗಳು ಇವು. ಸಂಜೆ ಮಾರ್ಕೆಟ್ ಗದ್ದಲದಲ್ಲಿ ನಿಂತು ಇದನ್ನು ಎಷ್ಟು ವಿವರಿಸಿದರೂ ತಲೆಗೆ ಹೋಗುವುದಿಲ್ಲ. ಚಳಿಯಲ್ಲಿ, ಕತ್ತಲಲ್ಲಿ ಒಂದು ಗಂಟೆ ಕೂತವರಿಗೆ ವಿವರಣೆಯೇ ಬೇಡ.

ಹಾಗಾಗಿ ಶುರು ಮಾಡುವುದು ರೊರಾತಿಯಿಂದ. ಆಗಮನ ಕಾಲದಲ್ಲಿ ಸೂರ್ಯೋದಯಕ್ಕೆ ಮೊದಲು ಮೇಣದಬತ್ತಿಯ ಬೆಳಕಿನಲ್ಲಿ ಮಾತೆ ಮರಿಯಳ ಗೌರವಾರ್ಥ ನಡೆಯುವ ಬಲಿಪೂಜೆ, ಅಂದರೆ ಚರ್ಚಿನ ಮಾಸ್ ಅದು. ಬೇರೆ ದೇಶಗಳಲ್ಲೂ ಉಂಟು. ಆದರೆ ಇಲ್ಲಿಯವರು ಇದಕ್ಕೆಂದೇ ಚೆಕ್ ಭಾಷೆಯಲ್ಲಿ ಹಾಡು ಕಟ್ಟಿ, 16ನೇ ಶತಮಾನದಲ್ಲಿ ದೊಡ್ಡ ದೊಡ್ಡ ಹಾಡಿನ ಹೊತ್ತಿಗೆಗಳಲ್ಲಿ ಬರೆಸಿಟ್ಟರು. ಈಗ ಚೆಕ್ ಜನರಲ್ಲಿ ಹೆಚ್ಚಿನವರಿಗೆ ಯಾವ ಧರ್ಮದ ಗೊಡವೆಯೂ ಇಲ್ಲ. ಆದರೂ ಈ ಪೂಜೆಗೆ ಚರ್ಚಿನ ಕಡೆ ಅಪರೂಪಕ್ಕೆ ತಲೆಹಾಕುವವರೂ ಮಕ್ಕಳನ್ನು ಎಬ್ಬಿಸಿಕೊಂಡು ಬರುತ್ತಾರೆ.

22ನೇ ನಂಬರ್ ಟ್ರಾಮಿನಲ್ಲಿ ಬಂದು ಪ್ರಾಜ್ಸ್ಕೀ ಹ್ರಾದ್ ನಿಲ್ದಾಣದಲ್ಲಿ ಇಳಿದರೆ ಹತ್ತುವ ಕಷ್ಟವಿಲ್ಲ, ಸೇತುವೆ ದಾಟಿ ನೇರ ಕೋಟೆಯೊಳಗೆ. ಗುಂಪನ್ನು ನಾನು ಟ್ರಾಮ್ ನಿಲ್ದಾಣದಲ್ಲೇ ನಿಲ್ಲಿಸಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುತ್ತೇನೆ. ಸಂತ ವಿತುಸರ ಪ್ರಧಾನಾಲಯಕ್ಕೆ ಮುಂದೆ ಚಕ್ರವರ್ತಿಯಾದ ನಾಲ್ಕನೇ ಚಾರ್ಲ್ಸನ ತಂದೆ ರಾಜ ಜಾನ್‌ನ ಕಾಲದಲ್ಲಿ, 1344ರಲ್ಲಿ ಅಡಿಗಲ್ಲು ಬಿತ್ತು. ಮುಗಿದದ್ದು 1929ರಲ್ಲಿ. ಕಾಯುವುದರ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಕಟ್ಟಡ ಸಿಗಲಿಕ್ಕಿಲ್ಲ. ದಕ್ಷಿಣ ಗೋಪುರದಲ್ಲಿರುವ 1549ರ ಜಿಕ್ಮುಂಡ್ ಗಂಟೆಯನ್ನು ಇವತ್ತಿಗೂ ಕೈಯಿಂದಲೇ ಹಗ್ಗ ಎಳೆದು ಬಾರಿಸುತ್ತಾರೆ. 2002ರ ಬೇಸಿಗೆಯಲ್ಲಿ ಅದರ ನಾಲಗೆ ಮುರಿದು ಬಿತ್ತು. ಅದಾಗಿ ಸ್ವಲ್ಪ ದಿನಕ್ಕೆ ನಗರಕ್ಕೆ ಭಾರೀ ನೆರೆ ಬಂದದ್ದನ್ನು ಇಲ್ಲಿಯ ಹಳಬರು ಕೂಡಿಸಿ ಹೇಳುತ್ತಾರೆ. ಶಕುನದ ವಿಷಯಕ್ಕೆ ಬಂದರೆ ಅವರೂ ನಮ್ಮವರೇ.

ಒಳಗೆ ಹೋದ ಮೇಲೆ ನನ್ನ ಬಾಯಿ ಬಂದ್. ಇದು ಪೂಜೆ, ಪ್ರದರ್ಶನವಲ್ಲ. ಫೋನು ಜೇಬಿನಲ್ಲಿ, ಕೂರುವುದು ಹಿಂದಿನ ಸಾಲಿನಲ್ಲಿ. ಕ್ರೈಸ್ತರಲ್ಲದವರು ಪರಮಪ್ರಸಾದದ (ಗುರುಗಳು ಪವಿತ್ರ ರೊಟ್ಟಿ ಹಂಚುವ) ಹೊತ್ತಿಗೆ ಕೂತಲ್ಲೇ ಕೂತಿರಬೇಕು. ದೇವಸ್ಥಾನದ ಅಭ್ಯಾಸದಲ್ಲಿ ಪ್ರಸಾದ ಅಂದ ಕೂಡಲೇ ಎದ್ದು ಸಾಲಿಗೆ ನಿಲ್ಲುವವರಿದ್ದಾರೆ, ಆದ್ದರಿಂದ ಇದನ್ನು ಮೊದಲೇ ಬಿಡಿಸಿ ಹೇಳಿರುತ್ತೇನೆ. ಕಂಬಗಳು ಮೇಲೆ ಎಲ್ಲಿಗೆ ಹೋಗಿ ಮುಗಿಯುತ್ತವೆ ಅಂತ ಕಾಣದಷ್ಟು ಕತ್ತಲು. ಮುಂದಿನ ಸಾಲಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತ ಮಗು ಮೇಣದಬತ್ತಿಗೆ ಸಿಕ್ಕಿಸಿದ ಕಾಗದದ ಬಟ್ಟಲಿಗೆ ಮೇಣ ಇಳಿಯುವುದನ್ನೇ ನೋಡುತ್ತಿರುತ್ತದೆ, ಎಲ್ಲರ ಬಾಯಿಂದಲೂ ಹಬೆ. ‘ಆಕಾಶವೇ, ಮೇಲಿನಿಂದ ಇಬ್ಬನಿ ಸುರಿಸು’ ಎಂಬ ಯೆಶಾಯ ಪ್ರವಾದಿಯ ಮಾತಿನಿಂದ ಹಾಡು ಏಳುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಎಂಟು ಗಂಟೆಯ ಹೊತ್ತಿಗೆ. ಪೂಜೆ ಮುಗಿಯುತ್ತಾ ಬಂದಂತೆ ಬಣ್ಣದ ಗಾಜಿನ ಕಿಟಕಿಗಳು ಕಪ್ಪಿನಿಂದ ನೀಲಿಗೆ ತಿರುಗುತ್ತವೆ. ಟಿಕೆಟ್ ತೆಗೆದುಕೊಂಡು ಹಗಲಲ್ಲಿ ಬರುವವರಿಗೆ ಇದು ಸಿಗುವುದಿಲ್ಲ. ಪೂಜೆಯ ಸಮಯವನ್ನು ಮಾತ್ರ ಆಯಾ ವರ್ಷದ ಪಟ್ಟಿ ನೋಡಿಯೇ ಹೊರಡಬೇಕು. ಭಾನುವಾರ ಬೆಳಿಗ್ಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ, ಮಧ್ಯಾಹ್ನದ ಮೇಲೇ.

ಹೊರಬಂದವರಿಗೆ ಮೊದಲು ಬೇಕಾಗುವುದು ಬಿಸಿ ಏನಾದರೂ. ಪೊಹೊರ್ಝೆಲೆಟ್ಸ್ ಕಡೆ ನಡೆದು ಕಾಫಿ, ಜೊತೆಗೆ ವಾನೋಚ್ಕಾ: ಜಡೆಯಂತೆ ಹೆಣೆದು, ದ್ರಾಕ್ಷಿ ಬಾದಾಮಿ ಹಾಕಿ ಸುಟ್ಟ ಸಿಹಿ ಬ್ರೆಡ್ಡು. ಮೊಟ್ಟೆ ಇರುತ್ತದೆ, ತಿನ್ನದವರಿಗೆ ಮೊದಲೇ ಹೇಳಿಬಿಡಬೇಕು. ಈ ತಿಂಗಳು ಇಲ್ಲಿಯ ಮನೆಗಳಲ್ಲಿ ಡಬ್ಬಿಗಟ್ಟಲೆ ಸಣ್ಣ ಸಣ್ಣ ಬಿಸ್ಕತ್ತು ಮಾಡಿಟ್ಟು, ಕ್ರಿಸ್ಮಸ್ ತನಕ ಮುಟ್ಟಬೇಡಿ ಅಂತ ಮಕ್ಕಳನ್ನು ಗದರುತ್ತಾರೆ. ಮಂಗಳೂರಿನ ಕ್ರೈಸ್ತರು ಕ್ರಿಸ್ಮಸ್ಸಿಗೆ ಮಾಡುವ ಕುಸ್ವಾರ್ ತಿಂಡಿಗಳು ಗೊತ್ತಿದ್ದವರಿಗೆ ಈ ಗದರಿಕೆಯೂ ಗೊತ್ತು.

ಅಲ್ಲಿಂದ ಲೊರೇತಾ ಹತ್ತಿರ. ಮರಿಯಳ ಮನೆಯ ಪ್ರತಿರೂಪವೆಂದು 1626ರಲ್ಲಿ ಕಟ್ಟಲು ಶುರುಮಾಡಿದ ಪುಣ್ಯಕ್ಷೇತ್ರ. ಗೋಪುರದ 27 ಗಂಟೆಗಳು ಗಂಟೆಗೊಮ್ಮೆ ಮರಿಯಳ ಹಾಡೊಂದನ್ನು ನುಡಿಸುತ್ತವೆ. ಅದಕ್ಕೆ ಸರಿಯಾಗಿ ಚೌಕಕ್ಕೆ ಬರುವಂತೆ ಕಾಫಿಯನ್ನು ಹೆಚ್ಚುಕಮ್ಮಿ ಮಾಡುವುದೇ ನನ್ನ ಕೈಚಳಕ. ಸ್ತ್ರಾಹೊವ್ ಮಠ (1143) ಗ್ರಂಥಾಲಯದ ಬಾಗಿಲಿನಿಂದ ಒಂದು ನೋಟ, ಅಷ್ಟೇ. ಅದಕ್ಕೆ ಬೇರೆಯೇ ದಿನ ಬೇಕು.

ಮಠದ ಪಕ್ಕದಿಂದ ಇಳಿಜಾರು. ಪ್ರಾಗನ್ನು ಕಾಲ ಕೆಳಗೆ ನೋಡುತ್ತಾ ಗುಡ್ಡದ ಬುಡದ ಬಡಾವಣೆ ಮಾಲಾ ಸ್ತ್ರಾನಾಕ್ಕೆ ಇಳಿಯುವುದು. ಕಲ್ಲು ಹಾಸಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ, ನಯವಾದ ಅಟ್ಟೆಯ ಶೂ ಹಾಕಿ ಬಂದವರಿಗೆ ದೇವರೇ ಗತಿ. ಇಳಿಜಾರು ಮುಗಿಯುವ ಕಾರ್ಮೆಲಿತ್ಸ್ಕಾ ಬೀದಿಯಲ್ಲಿದೆ ಬಾಲಯೇಸುವಿನ ಚರ್ಚು. ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರ ಟ್ರಾಫಿಕ್ ನಿಲ್ಲಿಸುವ, ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಜನವರಿಯಲ್ಲಿ ಜಾತ್ರೆ ನೆರೆಸುವ ಅದೇ ಬಾಲಯೇಸುವಿನ ಮೂಲ ಪ್ರತಿಮೆ ಇಲ್ಲಿದೆ. ನಮ್ಮವರ ಗುಂಪಿಗೆ ನಡಿಗೆ ಇಲ್ಲೇ ಮುಗಿಯಬೇಕು ಅಂತ ತೀರ್ಮಾನಿಸಿಯೇ ಮಿಕ್ಕ ದಾರಿಯನ್ನು ನಾನು ಹಿಂದಕ್ಕೆ ಜೋಡಿಸಿದ್ದು.

ವಿವೇಕನಗರಕ್ಕೆ ವರ್ಷಗಟ್ಟಲೆ ನವೇನ ಎಂಬ ಒಂಬತ್ತರ ಸರಣಿ ಪ್ರಾರ್ಥನೆಗೆ ಹೋದ ಹಿರಿಯರೊಬ್ಬರು ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ‘ಇಷ್ಟೇ ಇಷ್ಟಾ?’ ಅಂದರು. ಇಷ್ಟೇ, ಸುಮಾರು 47 ಸೆಂಟಿಮೀಟರ್. ಮರದ ಮೇಲೆ ಮೇಣ ಹಚ್ಚಿದ್ದು, ಸ್ಪೇನಿನಿಂದ ಬಂದದ್ದು. ಲೊಬ್ಕೊವಿಟ್ಸ್ ಮನೆತನದ ಪೊಲಿಕ್ಸೇನಾ ಎಂಬಾಕೆ 1628ರಲ್ಲಿ ಕಾರ್ಮೆಲ್ ಸಭೆ ಎಂಬ ಕಥೊಲಿಕ ಸನ್ಯಾಸಿ ಪಂಗಡದ ಗುರುಗಳಿಗೆ ಕೊಟ್ಟದ್ದು. ಚರ್ಚನ್ನು ಮೊದಲು ಕಟ್ಟಿದವರು ಜರ್ಮನ್ ಲೂಥರನ್ನರು, ಅಂದರೆ ಪ್ರಾಟೆಸ್ಟೆಂಟರು. 1620ರ ಬಿಳಿಗುಡ್ಡದ ಯುದ್ಧದಲ್ಲಿ ಕಥೊಲಿಕ ಪಕ್ಷ ಗೆದ್ದ ಮೇಲೆ ಅದು ಕಾರ್ಮೆಲ್ ಸಭೆಯ ಕೈಗೆ ಬಂತು. ಈ ಗುಡ್ಡದ ಕಥೊಲಿಕ ವೈಭವದ ಹಿಂದೆ ಸೋತವರ ಕಥೆಯೂ ಇದೆ, ಅದನ್ನು ಬಿಟ್ಟು ಹೇಳುವ ಗೈಡುಗಳನ್ನು ಕಂಡರೆ ನನಗೆ ಆಗುವುದಿಲ್ಲ.

ಪ್ರತಿಮೆಗೆ ಧರ್ಮಭಗಿನಿಯರು ಕಾಲಕ್ಕೆ ತಕ್ಕಂತೆ ಅಲಂಕಾರ ಬದಲಿಸುತ್ತಾರೆ, ಆಗಮನ ಕಾಲಕ್ಕೆ ನೇರಳೆ. ಬೆಳಗಿನ ಜಾವ ಗುರುಗಳ ಮೈಮೇಲೆ ಕಂಡ ಬಣ್ಣವೇ ಇಲ್ಲೂ. ಜನ ಇದನ್ನು ತಾವಾಗಿಯೇ ಗಮನಿಸುವವರೆಗೆ ನಾನು ಬಾಯಿ ಬಿಡುವುದಿಲ್ಲ. ಮೇಲಿನ ಪುಟ್ಟ ಸಂಗ್ರಹಾಲಯದಲ್ಲಿ ಲೋಕದ ಎಲ್ಲೆಲ್ಲಿಂದಲೋ ಬಂದ ಉಡುಪುಗಳಿವೆ, ಸಾಮ್ರಾಜ್ಞಿ ಮರಿಯಾ ಥೆರೇಸಾ 1743ರಲ್ಲಿ ಕೊಟ್ಟ ಹಸಿರು ಮಖಮಲ್ಲು ಪ್ರಸಿದ್ಧ.

ಮಕ್ಕಳಿದ್ದರೆ ಡಿಸೆಂಬರ್ 5ರ ಸಂಜೆಯನ್ನೂ ಸೇರಿಸಿಕೊಳ್ಳಿ. ಸಂತ ಮಿಕುಲಾಶ್, ದೇವದೂತ, ಸರಪಳಿ ಎಳೆಯುವ ದೆವ್ವ, ಮೂವರೂ ಬೀದಿಗಿಳಿಯುತ್ತಾರೆ. ಪದ್ಯ ಹೇಳಿದ ಮಗುವಿಗೆ ಮಿಠಾಯಿ. ಕನ್ನಡದ ಪದ್ಯಕ್ಕೂ ಕೊಡುತ್ತಾರೆ.

ಡಿಸೆಂಬರ್ 24 ದಾಟಿದರೆ ನಾನು ಈ ನಡಿಗೆ ಇಟ್ಟುಕೊಳ್ಳುವುದಿಲ್ಲ. ಆಮೇಲೆ ಬರುವವರನ್ನು ಲೊರೇತಾ ಪಕ್ಕದ ಕಪುಚಿನ್ ಗುರುಗಳ ಚರ್ಚಿಗೆ ಕಳಿಸುತ್ತೇನೆ. ಅಲ್ಲಿ 18ನೇ ಶತಮಾನದ, ಆಳೆತ್ತರದ ಬೊಂಬೆಗಳ ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು) ಕ್ರಿಸ್ಮಸ್ ದಿನಗಳಲ್ಲಷ್ಟೇ ನೋಡಲು ಬಿಡುತ್ತಾರೆ.